ಅಂಧೇರಿಯ ಖದಾನಿನ ಕೆಂಪು ನೀರು

1987ರಲ್ಲಿ ನಾನು ಮುಂಬಯಿಯ ಪೂರ್ವ ಉಪನಗರದ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ, ಜೀವರಸಾಯನ ವಿಭಾಗದ ಸೈಂಟಿಫಿಕ್ ಆಫೀಸರ್ ಆಗಿದ್ದೆ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಆ ಸಂಸ್ಥೆಗೆ ಸೇರಿ ಹತ್ತು ವರ್ಷ ದಾಟಿತ್ತು. ಮನೆ ಸಯನ್‌ನಲ್ಲಿ. ನಮ್ಮ ಯಜಮಾನರು ಫೋರ್ಟಿನ ವಿಮಾ ಕಚೇರಿಯೊಂದರಲ್ಲಿದ್ದರು. ಅವರು ಬೆಳಿಗ್ಗೆ ಲೋಕಲ್ ಹಿಡಿದು ದಕ್ಷಿಣಕ್ಕೆ ಹೋದರೆ ನಾನು ಸಂಸ್ಥೆಯ ಬಸ್ಸಿನಲ್ಲಿ ಪೂರ್ವಕ್ಕೆ ಹೋಗುತ್ತಿದ್ದೆ.

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟವಾಗುತ್ತಿತ್ತು. ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾಗಳನ್ನು ಗಾಜಿನ ಬಾಟಲಿಗಳಲ್ಲಿ ಬೆಳೆಸಿ, ಅವುಗಳೊಳಗೆ ಎಲೆಕ್ಟ್ರಾನುಗಳು ಹೇಗೆ ಓಡಾಡುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಗಿಡಗಳಂತೆ ಇವೂ ಬಿಸಿಲನ್ನು ಹಿಡಿಯುತ್ತವೆ, ಆದರೆ ಇವುಗಳ ಬಣ್ಣ ಹಸಿರಲ್ಲ, ನೇರಳೆಗೆಂಪು. ಇವು ಆಮ್ಲಜನಕವನ್ನೂ ಬಿಡುವುದಿಲ್ಲ. ಬೆಳಕು ಬಿದ್ದಾಗ ಜೀವಕೋಶದ ರಿಯಾಕ್ಷನ್ ಸೆಂಟರ್ ಎಂಬ ಜಾಗದಿಂದ ಒಂದು ಎಲೆಕ್ಟ್ರಾನ್ ಹೊರಕ್ಕೆ ಚಿಮ್ಮುತ್ತದೆ. ಅದು ಕ್ವಿನೋನ್ ಎಂಬ ಸಣ್ಣ ಅಣುವಿನ ಕೈಗೆ, ಅಲ್ಲಿಂದ ಸೈಟೋಕ್ರೋಮ್ ಕಾಂಪ್ಲೆಕ್ಸ್ ಎಂಬ ದೊಡ್ಡ ಪ್ರೋಟೀನಿನ ಕೈಗೆ, ಅಲ್ಲಿಂದ ಇನ್ನೊಂದು ಚಿಕ್ಕ ಸೈಟೋಕ್ರೋಮಿನ ಕೈಗೆ ದಾಟಿ ಹೊರಟಲ್ಲಿಗೇ ಮರಳುತ್ತದೆ. ಈ ಒಂದು ಸುತ್ತಿನಲ್ಲಿ ಕೋಶ ತನಗೆ ಬೇಕಾದ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ.

ಸೈಟೋಕ್ರೋಮ್ ಎಂದರೆ ಕಬ್ಬಿಣವಿರುವ ಪ್ರೋಟೀನು, ನಮ್ಮ ರಕ್ತದ ಹಿಮೊಗ್ಲೋಬಿನ್ನಿನ ದೂರದ ನೆಂಟ. ಎಲೆಕ್ಟ್ರಾನ್ ಬಂದಾಗ ಒಂದು ಬಣ್ಣ, ಹೋದಾಗ ಇನ್ನೊಂದು ಬಣ್ಣ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಈ ವ್ಯತ್ಯಾಸವನ್ನು ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರ ಹಿಡಿಯುತ್ತದೆ. ಯೂರೋಪಿನಲ್ಲಿ ರಿಯಾಕ್ಷನ್ ಸೆಂಟರಿನ ರಚನೆಯನ್ನು ಪರಮಾಣು ಪರಮಾಣುವಾಗಿ ಬಿಡಿಸಿದ ಸುದ್ದಿ ಆಗತಾನೇ ಬಂದಿತ್ತು. ನಮ್ಮ ಕ್ಷೇತ್ರದವರೆಲ್ಲ ಹುರುಪಿನಲ್ಲಿದ್ದೆವು. ಆದರೆ ನಮ್ಮ ಪ್ರಯೋಗಾಲಯದ ಆಚೆ ಈ ವಿದ್ಯೆಯಿಂದ ಯಾರಿಗಾದರೂ ಉಪಯೋಗವಾದೀತೆಂದು ನಾನು ಅಂದುಕೊಂಡಿರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಪೈಗಳು ನಮ್ಮ ಮನೆಗೆ ಬಂದರು. ಅವರು ಉಡುಪಿ ಕಡೆಯವರು, ಯಜಮಾನರ ಕಚೇರಿಯಲ್ಲೇ ಹಿರಿಯ ಅಧಿಕಾರಿ. ಅಂಧೇರಿ ಪೂರ್ವದಲ್ಲಿ ಹೊಸದಾಗಿ ಎದ್ದಿದ್ದ ಹೌಸಿಂಗ್ ಸೊಸೈಟಿಯೊಂದರ ಸೆಕ್ರೆಟರಿಯೂ ಆಗಿದ್ದರು. ಕೈಯಲ್ಲಿ ಒಂದು ಉಪ್ಪಿನಕಾಯಿ ಬಾಟಲಿ, ಅದರ ತುಂಬ ಬೀಟ್‌ರೂಟ್ ತೊಳೆದಂಥ ನೀರು. ಕಾಫಿ ಕುಡಿಯುತ್ತ ಕಥೆ ಹೇಳಿದರು.

ಅವರ ಸೊಸೈಟಿಯ ಹಿಂದೆ ಒಂದು ಹಳೆಯ ಕಲ್ಲುಗಣಿಯ ಹೊಂಡವಿತ್ತು. ಅಲ್ಲಿನವರು ಅದನ್ನು ಖದಾನ್ ಎನ್ನುತ್ತಿದ್ದರು. ಕಲ್ಲು ತೆಗೆಯುವುದು ನಿಂತು ಎಷ್ಟೋ ವರ್ಷಗಳಾಗಿ ಅದರಲ್ಲಿ ನೀರು ನಿಂತಿತ್ತು. ಆ ವರ್ಷ ಚಳಿಗಾಲ ಮುಗಿಯುತ್ತಿದ್ದಂತೆ ನೀರು ಗುಲಾಬಿಯಾಗಿ, ಆಮೇಲೆ ಕೆಂಪಾಗಿ, ಕೊನೆಗೆ ನೇರಳೆಗೆ ತಿರುಗಿತು. ಹೊಂಡದ ಆಚೆ ದಂಡೆಯಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಸಣ್ಣ ಕಾರ್ಖಾನೆಯಿತ್ತು. ಇದು ಅವರದೇ ಕೆಲಸವೆಂದು ಸೊಸೈಟಿಯವರೆಲ್ಲ ತೀರ್ಮಾನಿಸಿದರು. ಹೆಂಗಸರು ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಕೂತಿದ್ದರು. ವಾರ್ಡ್ ಆಫೀಸಿನವರು ಬಂದು ಕಾರ್ಖಾನೆಗೆ ಬೀಗ ಹಾಕುತ್ತೇವೆಂದು ಹೇಳಿಹೋಗಿದ್ದರು. ಇದು ಕಾರ್ಖಾನೆಯ ಬಣ್ಣವೇ ಎಂದು ಒಬ್ಬ ವಿಜ್ಞಾನಿ ಎರಡು ಸಾಲು ಬರೆದುಕೊಟ್ಟರೆ ಬೀಗ ಬೀಳುವುದು ಖಂಡಿತ ಎಂಬುದು ಪೈಗಳ ಲೆಕ್ಕ.

ನಾನು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೀರಿನಲ್ಲಿ ಕರಗಿದ ಬಣ್ಣಕ್ಕೆ ಒಂದು ತಿಳಿ ಇರುತ್ತದೆ. ಇದು ಮಸುಕಾಗಿತ್ತು. ಕೊಂಚ ಅಲ್ಲಾಡಿಸಿದರೆ ರೇಷ್ಮೆಯ ಹಾಗೆ ಸುಳಿಯುತ್ತಿತ್ತು. ನನ್ನ ಬಾಟಲಿಗಳಲ್ಲಿ ದಿನವೂ ನೋಡುತ್ತಿದ್ದ ಸುಳಿಯೇ ಅದು. ನೋಡದೆ ಏನನ್ನೂ ಬರೆಯಲಾರೆ ಎಂದು ಪೈಗಳಿಗೆ ಹೇಳಿ ಬಾಟಲಿಯನ್ನು ಇಟ್ಟುಕೊಂಡೆ.

ನಮ್ಮ ವಿಭಾಗದ ಮುಖ್ಯಸ್ಥರು ಡಾ. ಜೋಶಿ. ಮಿತಭಾಷಿ, ನಿಯಮದ ಮನುಷ್ಯ. ಹೊರಗಿನ ಜಗಳಗಳಿಗೆ ಸಂಸ್ಥೆಯ ಹೆಸರು ಸೇರಬಾರದೆಂಬುದು ಅವರ ಗಟ್ಟಿ ನಿಲುವು. ಕುತೂಹಲಕ್ಕೆ ಬೇಕಾದರೆ ನೋಡು, ಆದರೆ ಲೆಟರ್‌ಹೆಡ್ಡಿನ ಮೇಲೆ ಒಂದಕ್ಷರವೂ ಹೋಗಕೂಡದು ಎಂದರು. ಹೀಗೆ ಹೇಳಿದವರೇ ಸ್ವಲ್ಪ ಹೊತ್ತಿಗೆ ಬಂದು ನನ್ನ ಮೈಕ್ರೋಸ್ಕೋಪಿನ ಪಕ್ಕ ನಿಂತರು.

ಮೈಕ್ರೋಸ್ಕೋಪಿನ ಕೆಳಗೆ ಸಂಶಯಕ್ಕೆ ಜಾಗವೇ ಇರಲಿಲ್ಲ. ದಪ್ಪ ದಪ್ಪ ಕೋಶಗಳು ಈಜಾಡುತ್ತಿದ್ದವು. ಒಂದೊಂದರ ಒಳಗೂ ಸಾಬಕ್ಕಿಯಂತೆ ಹೊಳೆಯುವ ಕಾಳುಗಳು. ಅವು ಗಂಧಕದ ಕಾಳುಗಳು. ಇವು ನೇರಳೆ ಗಂಧಕ ಬ್ಯಾಕ್ಟೀರಿಯಾ. ನಾನು ಸಾಕಿಕೊಂಡಿದ್ದ ಜಾತಿಗೆ ದಾಯಾದಿಗಳು. ಆದರೂ ಒಂದು ಕಾರ್ಖಾನೆಯ ಅಳಿವು ಉಳಿವು ಇದರ ಮೇಲೆ ನಿಂತಿತ್ತು, ಬ್ಯಾಕ್ಟೀರಿಯಾದ ಜೊತೆಗೆ ಬಣ್ಣವೂ ಬೆರೆತಿದ್ದರೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಬೇಕಿತ್ತು. ಕೋಶಗಳನ್ನೆಲ್ಲ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕಿಳಿಸಿದೆ. ಮೇಲೆ ಉಳಿದ ನೀರಿನಲ್ಲಿ ಬಣ್ಣವೇ ಇರಲಿಲ್ಲ. ಕೋಶಗಳನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿಟ್ಟು ಸೈಟೋಕ್ರೋಮಿನ ತರಂಗಾಂತರಕ್ಕೆ ಯಂತ್ರವನ್ನು ಹೊಂದಿಸಿ ಪಕ್ಕದಿಂದ ಬೆಳಕು ಬಿಟ್ಟೆ. ರೆಕಾರ್ಡರಿನ ಪೆನ್ನು ಸರ್ರನೆ ಕೆಳಗಿಳಿಯಿತು. ಬೆಳಕು ಆರಿಸಿದರೆ ನಿಧಾನವಾಗಿ ಮೇಲೇರಿತು. ಬೆಳಕಿನಲ್ಲಿ ಸೈಟೋಕ್ರೋಮು ಎಲೆಕ್ಟ್ರಾನ್ ಕೊಡುತ್ತಿದೆ, ಕತ್ತಲಲ್ಲಿ ಮತ್ತೆ ತುಂಬಿಕೊಳ್ಳುತ್ತಿದೆ. ಯಾವ ಬಣ್ಣದ ಪುಡಿಯೂ ಹೀಗೆ ಉಸಿರಾಡಿದಂತೆ ಏರಿಳಿಯುವುದಿಲ್ಲ.

ಜೋಶಿಯವರು ಒಂದು ಹನಿ ಸಲ್ಫೈಡ್ ಹಾಕಿ ನೋಡಲು ಹೇಳಿದರು. ಹಾಕಿದಾಗ ಪೆನ್ನು ಮೇಲೇರುವ ವೇಗ ತಟ್ಟನೆ ಹೆಚ್ಚಿತು.

"ಬಣ್ಣದ ಪ್ರಶ್ನೆ ಮುಗಿಯಿತು," ಎಂದರು ಅವರು. "ಇಷ್ಟೊಂದು ಬ್ಯಾಕ್ಟೀರಿಯಾಕ್ಕೆ ಎಲೆಕ್ಟ್ರಾನ್ ಕೊಡುತ್ತಿರುವುದು ಯಾರು, ಅದನ್ನು ಹುಡುಕು."

ಅವರು ಕೇಳಿದ್ದರ ಅರ್ಥ ಇಷ್ಟು. ಬೆಳೆಯಬೇಕಾದ ಕೋಶಕ್ಕೆ ಹೊರಗಿನಿಂದಲೂ ಎಲೆಕ್ಟ್ರಾನ್ ಬೇಕು. ಗಿಡಗಳು ಅದನ್ನು ನೀರಿನಿಂದ ಕಿತ್ತುಕೊಳ್ಳುತ್ತವೆ. ಈ ನೇರಳೆ ಬ್ಯಾಕ್ಟೀರಿಯಾಗಳಿಗೆ ಅಷ್ಟು ಕಸುವಿಲ್ಲ, ಅವು ಹೈಡ್ರೋಜನ್ ಸಲ್ಫೈಡಿನಿಂದ ತೆಗೆದುಕೊಳ್ಳುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಅದು. ಒಂದು ಹೊಂಡದ ತುಂಬ ಈ ಬ್ಯಾಕ್ಟೀರಿಯಾ ತುಂಬಿಕೊಂಡಿದೆಯೆಂದರೆ ಅದರ ತಳದಲ್ಲಿ ಆ ಅನಿಲ ಬೇಕಾದಷ್ಟು ಹುಟ್ಟುತ್ತಿರಬೇಕು.

ಮುಂದಿನ ಶನಿವಾರ ಅಂಧೇರಿಗೆ ಹೋದೆ. ಮೊದಲು ಕಾರ್ಖಾನೆಗೆ. ಅದರ ಮಾಲೀಕ ಒಬ್ಬ ಗುಜರಾತಿ ಸೇಠ್. ನನ್ನನ್ನು ನೋಡಿ ಸೊಸೈಟಿಯವರ ಕಡೆಯವಳೆಂದುಕೊಂಡು ಎರಡೂ ಕೈ ಮುಗಿದ. "ಬೆಹೆನ್‌ಜೀ, ನಮ್ಮಲ್ಲಿ ಕಪ್ಪು ಬಿಟ್ಟರೆ ಬೇರೆ ಬಣ್ಣವೇ ಇಲ್ಲ. ಕೆಂಪು ಎಲ್ಲಿಂದ ತರಲಿ?" ಎಂದು ಹಿಂದಿಯಲ್ಲಿ ಅಲವತ್ತುಕೊಂಡ. ತೊಟ್ಟಿಗಳನ್ನೆಲ್ಲ ತೆರೆದು ತೋರಿಸಿದ. ಅವನು ಹೇಳಿದ್ದು ನಿಜ. ಹತ್ತಿ ನೂಲಿಗೆ ಅವರು ಹಾಕುತ್ತಿದ್ದದ್ದು ಗಂಧಕದ ಕಪ್ಪು ಬಣ್ಣ. ಆದರೆ ಆ ಬಣ್ಣವನ್ನು ಕರಗಿಸಲು ಸೋಡಿಯಂ ಸಲ್ಫೈಡ್ ಬೇಕು, ಮಿಕ್ಕ ಸಲ್ಫೈಡೆಲ್ಲ ಕಾಲುವೆ ಹಿಡಿದು ಖದಾನಿಗೆ ಹೋಗುತ್ತಿತ್ತು.

ಅಲ್ಲಿಂದ ಖದಾನಿನ ಇನ್ನೊಂದು ದಂಡೆಗೆ ಬಂದೆ. ಸೊಸೈಟಿಯ ಕಾಂಪೌಂಡಿನ ಅಡಿಯಿಂದ ಒಂದು ಸಿಮೆಂಟ್ ಪೈಪು ಹೊರಟು ನೀರಿಗೆ ಬಾಯಿಟ್ಟಿತ್ತು. ಬಿಲ್ಡರ್ ಮುನಿಸಿಪಾಲಿಟಿಯ ಗಟಾರಕ್ಕೆ ಜೋಡಿಸದೆ, ಅಷ್ಟೂ ಮನೆಗಳ ಸಂಡಾಸಿನ ನೀರನ್ನು ಇಲ್ಲಿಗೇ ತಿರುಗಿಸಿ ಹೋಗಿದ್ದ. ಆ ಹೊಲಸು ತಳದಲ್ಲಿ ಕೊಳೆತಾಗಲೂ ಇದೇ ಅನಿಲ ಹುಟ್ಟುತ್ತದೆ. ಪೈಗಳನ್ನು ಕರೆಸಿ ಪೈಪನ್ನು ತೋರಿಸಿದೆ.

ಒಂದು ಬಾಟಲಿಗೆ ಕಲ್ಲು ಕಟ್ಟಿ ತಳಕ್ಕಿಳಿಸಿ ನೀರು ತೆಗೆದೆ. ಕಪ್ಪಗಿತ್ತು. ಮುಚ್ಚಳ ತೆಗೆದದ್ದೇ ಪೈಗಳು ಮೂಗಿಗೆ ಕರ್ಚೀಫು ಹಿಡಿದರು. ಲೆಡ್ ಅಸಿಟೇಟ್ ಹಚ್ಚಿದ ಬಿಳಿ ಕಾಗದದ ಪಟ್ಟಿಯನ್ನು ಆ ಬಾಟಲಿಯ ಬಾಯಿಗೆ ಹಿಡಿದರೆ, ನೋಡನೋಡುತ್ತ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಸಲ್ಫೈಡ್ ಇದೆಯೆಂದು ತೋರಿಸುವ ಸುಲಭ ಪರೀಕ್ಷೆ ಅದು. ಆದರೆ ಖದಾನಿನ ಮೇಲ್ಭಾಗದಲ್ಲಿ ಅಂಥ ವಾಸನೆಯೇನೂ ಇರಲಿಲ್ಲ. ತಳದಿಂದ ಏಳುತ್ತಿದ್ದ ಅನಿಲವನ್ನು ದಾರಿಯಲ್ಲೇ ಈ ಕೆಂಪು ಪದರ ತಿಂದು ಮುಗಿಸುತ್ತಿತ್ತು.

ಮನೆಗೆ ಬಂದು ಸಾದಾ ಹಾಳೆಯ ಮೇಲೆ ಒಂದು ಟಿಪ್ಪಣಿ ಬರೆದೆ. ಕೆಂಪು ಬಣ್ಣ ಕಾರ್ಖಾನೆಯದಲ್ಲ, ಬ್ಯಾಕ್ಟೀರಿಯಾದ್ದು. ಅದಕ್ಕೆ ಆಹಾರ ಸೊಸೈಟಿಯ ಪೈಪಿನಿಂದಲೂ ಕಾರ್ಖಾನೆಯ ಕಾಲುವೆಯಿಂದಲೂ ಬರುತ್ತಿದೆ. ಮೊದಲು ಇವೆರಡನ್ನೂ ನಿಲ್ಲಿಸಬೇಕು, ಅಲ್ಲಿಯವರೆಗೆ ಕೆಂಪು ಪದರವನ್ನು ಮುಟ್ಟಬಾರದು. ಒಂದು ಪ್ರತಿ ಪೈಗಳಿಗೆ, ಒಂದು ಪ್ರತಿ ಸೇಠ್‌ಗೆ ಕಳಿಸಿದೆ. ಕಾರ್ಖಾನೆಗೆ ಬೀಗ ಬೀಳಲಿಲ್ಲ. ಹೆಂಗಸರು ಗೇಟಿನಿಂದ ಎದ್ದುಹೋದರು. ನನ್ನ ಪಾಲಿಗೆ ಆ ವಿಷಯ ಅಲ್ಲಿಗೆ ಮುಗಿದಿತ್ತು, ನಾನು ನನ್ನ ಬಾಟಲಿಗಳಿಗೆ ಮರಳಿದೆ.

ಮೇ ತಿಂಗಳ ಕೊನೆಯಲ್ಲಿ, ಒಂದು ಸಂಜೆ, ಯಜಮಾನರು ಊಟಕ್ಕೆ ಕೂತವರು ಪೈಗಳ ಸುದ್ದಿ ತೆಗೆದರು. ಖದಾನಿನ ನೀರು ತಿಳಿಯಾಗಿದೆಯಂತೆ, ಕೆಂಪು ಪೂರ್ತಿ ಹೋಗಿದೆಯಂತೆ, ಪೈಗಳು ಬಹಳ ಖುಷಿಯಲ್ಲಿದ್ದಾರಂತೆ. ಆದರೆ ಈಗ ಗಬ್ಬು ನಾತ, ಕಿಟಕಿ ತೆಗೆಯುವ ಹಾಗಿಲ್ಲವಂತೆ. ಅದಕ್ಕೇ ಮಳೆ ಬರುವ ಮೊದಲು ಹೂಳು ತೆಗೆಸಲು ವಾರ್ಡ್ ಆಫೀಸಿನಿಂದ ಕಂಟ್ರಾಕ್ಟ್ ಆಗಿದೆ, ಪಂಪು ಇಟ್ಟು ನೀರು ಖಾಲಿ ಮಾಡಿಸುತ್ತಿದ್ದಾರೆ, ನಾಳೆ ಬೆಳಿಗ್ಗೆ ಆಳುಗಳು ಇಳಿಯುತ್ತಾರೆ.

ನಾನು ಅನ್ನ ಬಿಟ್ಟೆದ್ದು ಪಕ್ಕದ ಮನೆಯಿಂದ ಪೈಗಳಿಗೆ ಫೋನು ಮಾಡಿದೆ. ಕೆಂಪು ಹೇಗೆ ಹೋಯಿತೆಂದು ಕೇಳಿದೆ.

"ನೀವೇ ಹೇಳಿದ್ದಲ್ವಾ ಮಾರಾಯ್ರೆ, ಅದು ಬ್ಯಾಕ್ಟೀರಿಯಾ ಅಂತ," ಎಂದರು ಪೈಗಳು. "ಬ್ಯಾಕ್ಟೀರಿಯಾ ಅಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕುದಲ್ವಾ? ಮಕ್ಕಳು ಮರಿ ಇರುವ ಜಾಗ. ಮೂಟೆಗಟ್ಲೆ ಹಾಕಿಸಿದೆವು."

ಪೈಪು ತಿರುಗಿಸಿದ್ದೀರಾ ಎಂದೆ. ಅದರ ಕಾಗದಪತ್ರ ಇನ್ನೂ ನಡೆಯುತ್ತಿದೆ ಎಂದರು. ಅವರಿಗೆ ಬಿಡಿಸಿ ಹೇಳಿದೆ. ನಮ್ಮ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನುಗಳ ದಾರಿಯನ್ನು ಒಂದು ಔಷಧ ಹಾಕಿ ಮಧ್ಯದಲ್ಲಿ ಕಟ್ಟಿದರೆ, ಅದರ ಹಿಂದಿನದೆಲ್ಲ ತುಂಬಿ ನಿಲ್ಲುತ್ತದೆ. ಇಲ್ಲೂ ಆದದ್ದು ಅದೇ. ಅನಿಲವನ್ನು ತಿನ್ನುತ್ತಿದ್ದದ್ದನ್ನು ಕೊಂದಿದ್ದೀರಿ, ಅನಿಲ ಹುಟ್ಟುವುದು ನಿಂತಿಲ್ಲ, ಅದು ಹೂಳಿನಲ್ಲಿ ಕೂತಿದೆ, ಆಳುಗಳು ಇಳಿಯಬಾರದು. ಪೈಗಳ ದನಿ ಸಣ್ಣದಾಯಿತು. ಕಂಟ್ರಾಕ್ಟು ವಾರ್ಡ್ ಆಫೀಸಿನದು, ತನ್ನ ಕೈಯಲ್ಲಿಲ್ಲ, ಆದರೆ ಬೆಳಿಗ್ಗೆ ತಾನೂ ಅಲ್ಲಿರುತ್ತೇನೆ ಎಂದರು.

ಬೆಳಿಗ್ಗೆ ಸಯನ್‌ನಿಂದ ದಾದರಿಗೆ, ಅಲ್ಲಿ ಸೇತುವೆ ದಾಟಿ ವೆಸ್ಟರ್ನ್ ಲೈನಿನಲ್ಲಿ ಅಂಧೇರಿಗೆ, ಅಲ್ಲಿಂದ ರಿಕ್ಷಾದಲ್ಲಿ ಖದಾನಿಗೆ. ಬ್ಯಾಗಿನಲ್ಲಿ ಹಿಂದಿನ ಸಲದ ಲೆಡ್ ಅಸಿಟೇಟ್ ಕಾಗದಗಳು ಉಳಿದಿದ್ದವು. ಬೇರೇನೂ ನನ್ನ ಹತ್ತಿರ ಇರಲಿಲ್ಲ, ಅಧಿಕಾರವಂತೂ ಮೊದಲೇ ಇಲ್ಲ.

ಖದಾನಿನ ನೀರು ಬಹುಪಾಲು ಖಾಲಿಯಾಗಿತ್ತು. ಮೂಲೆಯಲ್ಲಿ ಹಿಂದೆ ಕಲ್ಲು ತೆಗೆಯುವವರು ನೀರು ಸೇರಲೆಂದು ತೋಡಿದ್ದ ಬಾವಿಯಂಥ ಗುಂಡಿಯೊಂದಿತ್ತು. ನಾಲ್ಕೂ ಕಡೆ ಕಡಿದಾದ ಬಂಡೆ, ಇಳಿಯಲು ಒಂದು ಕಬ್ಬಿಣದ ಏಣಿ, ತಳದಲ್ಲಿ ಕಪ್ಪು ಹೂಳು. ಗುಂಡಿಯ ಅಂಚಿನಲ್ಲಿ ಗಂಡಸರು ಹೆಂಗಸರು ಬುಟ್ಟಿ ಸಲಿಕೆ ಹಿಡಿದು ನಿಂತಿದ್ದರು. ಅವರ ಮಾತು ಕಿವಿಗೆ ಬಿದ್ದಾಗ ನನಗೆ ಜೀವ ಬಂದಂತಾಯಿತು. ಬಿಜಾಪುರ ಕಡೆಯ ಕನ್ನಡ.

ಗ್ಯಾಂಗಿನ ಮುಕಾದಮ್ ಶರಣಪ್ಪ, ಅಂದರೆ ಆ ಆಳುಗಳ ಮುಂದಾಳು. ನಡುವಯಸ್ಸಿನ ಗಟ್ಟಿ ಆಳು. ಅವನ ಹೆಂಡತಿ ನೀಲವ್ವ ಹೂಳು ಹೊರುವ ಹೆಂಗಸರ ಜೊತೆಗಿದ್ದಳು. ಮೊದಲು ಇಳಿಯಲು ತಯಾರಾಗಿ ನಿಂತಿದ್ದವನು ನೀಲವ್ವನ ತಮ್ಮ ಹನುಮಂತ, ಎರಡು ಮಕ್ಕಳ ತಂದೆ. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಮೂವರೂ ನಕ್ಕರು. ನೀವು ಬೆಂಗಳೂರ ಕಡೆಯವರೇನ್ರಿ ಎಂದು ನೀಲವ್ವ ಕೇಳಿದಳು. ತಳದಲ್ಲಿ ವಿಷದ ಗಾಳಿ ಇದೆ, ಇಳಿಯಬೇಡಿ ಎಂದೆ. ಕಂಟ್ರಾಕ್ಟರನ ಸೂಪರ್‌ವೈಸರ್ ಗಡಿಯಾರ ನೋಡಿಕೊಂಡು, ಈ ಹೆಂಗಸು ಯಾರು ಎಂದು ಪೈಗಳನ್ನು ಮರಾಠಿಯಲ್ಲಿ ಕೇಳಿದ. ಪೈಗಳು ಸೈಂಟಿಸ್ಟ್ ಎಂದರು. ಅವನಿಗೆ ಅದರಿಂದ ಏನೂ ಆಗಲಿಲ್ಲ.

ಕಾಗದದ ಪಟ್ಟಿಯೊಂದನ್ನು ದಾರಕ್ಕೆ ಕಟ್ಟಿ ಗುಂಡಿಗೆ ಇಳಿಬಿಟ್ಟೆ. ಮೇಲೆಳೆದಾಗ ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು, ಕಪ್ಪಾಗಿರಲಿಲ್ಲ. ಸೂಪರ್‌ವೈಸರ್ ಅದನ್ನು ನೋಡಿ, ಚಹಾ ಚೆಲ್ಲಿದರೂ ಇಷ್ಟು ಕಲೆಯಾಗುತ್ತದೆ ಎಂದ. ಅನಿಲ ಇರುವುದು ಹೂಳಿನೊಳಗೆ, ಕಲಕಿದಾಗ ಮೇಲೇಳುತ್ತದೆ ಎಂದು ನಾನು ವಾದಿಸಿದೆ. ಅವನು ಕೈಯಾಡಿಸಿ ಹನುಮಂತನಿಗೆ ಇಳಿಯಲು ಹೇಳಿದ.

ನಾನು ಶರಣಪ್ಪನ ಕಡೆ ತಿರುಗಿದೆ. ಅವನು ಶಾಂತವಾಗಿ ಹೇಳಿದ: "ನಾವು ಇಂಥಾ ಗಟಾರ ಭಾಳ ಇಳದೇವ್ರಿ ಅಕ್ಕಾರ. ಇವತ್ತ ನಾವು ಇಳೀಲಿಲ್ಲಂದ್ರ ನಾಳಿ ಬ್ಯಾರೆ ಗ್ಯಾಂಗ್ ಇಳಿತೈತಿ."

ಬುಟ್ಟಿ ಎತ್ತಲು ತಂದಿದ್ದ ಹಗ್ಗ ಅಲ್ಲೇ ಬಿದ್ದಿತ್ತು. ಇಳಿಯುವುದೇ ಆದರೆ ಆ ಹಗ್ಗವನ್ನು ಕಂಕುಳ ಕೆಳಗೆ ಕಟ್ಟಿಕೊಂಡು ಇಳಿಯಲಿ, ಇನ್ನೊಂದು ತುದಿ ಮೇಲೆ ಮೂರ್ನಾಲ್ಕು ಜನರ ಕೈಯಲ್ಲಿರಲಿ, ಇಷ್ಟು ನನಗಾಗಿ ಮಾಡಿ ಎಂದು ಕೇಳಿಕೊಂಡೆ. ಹನುಮಂತ ನಾಚಿಕೊಂಡ, ಎಮ್ಮೆಗೆ ಕಟ್ಟಿದಂಗ ಎಂದ. ಆದರೆ ನೀಲವ್ವ ಹಗ್ಗ ಎತ್ತಿ ಗಂಡನ ಕೈಗೆ ಕೊಟ್ಟಳು. ಶರಣಪ್ಪ ತಾನೇ ಬಿಗಿದು ಕಟ್ಟಿದ. ಕೆಳಗೆ ಏನಾದರೂ ವ್ಯತ್ಯಾಸ ಅನಿಸಿದರೆ ಕೂಡಲೇ ಕೂಗಿ ಹೇಳಬೇಕೆಂದು ನಾನು ಹನುಮಂತನಿಗೆ ಹೇಳಿದೆ. ಮೂಗು ಮುಚ್ಚಿಕೊಂಡು, ನಾತ ಭಾಳ ಐತ್ರಿ ಎನ್ನುತ್ತ ಅವನು ಏಣಿ ಇಳಿದ.

ಹೂಳಿಗೆ ಕಾಲಿಟ್ಟು ಸಲಿಕೆ ಹಾಕಿದ. ಒಂದು ಬುಟ್ಟಿ ಮೇಲೆ ಬಂತು, ಇನ್ನೊಂದು ಬಂತು. ಅವನ ಸುತ್ತ ಹೂಳಿನಲ್ಲಿ ಗುಳ್ಳೆಗಳು ಒಡೆಯುತ್ತಿದ್ದವು. ನಾನು ಅಂಚಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದೆ. ಅವನು ತಲೆಯೆತ್ತಿ, ಸಮಾಧಾನದ ದನಿಯಲ್ಲಿ, ನನ್ನ ಹೆದರಿಕೆ ಹೋಗಲೆಂದೇ ಇರಬೇಕು, ಕೂಗಿ ಹೇಳಿದ:

"ನಾತ ಹೋತ್ ನೋಡ್ರಿ ಅಕ್ಕಾರ. ಈಗೇನೂ ವಾಸನಿ ಇಲ್ಲ."

ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಮೂಗಿಗೆ ಹೊಡೆಯುತ್ತದೆ. ಹೆಚ್ಚಾದಾಗ ಮೂಗಿನ ನರಗಳನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತೆಂದರೆ ಅನಿಲ ಕೊಲ್ಲುವ ಮಟ್ಟಕ್ಕೆ ಏರುತ್ತಿದೆ ಎಂದೇ ಲೆಕ್ಕ.

"ಎಳೀರಿ," ಎಂದು ಕೂಗಿದೆ. "ಶರಣಪ್ಪ, ಮೇಲಕ್ಕೆ ಎಳೀರಿ ಅವನನ್ನ."

ಶರಣಪ್ಪನಿಗೆ ಅರ್ಥವಾಗಲಿಲ್ಲ. ಹನುಮಂತ ಮಾತಾಡುತ್ತಿದ್ದಾನೆ, ನಿಂತಿದ್ದಾನೆ, ಯಾಕೆ ಎಳೆಯಬೇಕು? ಅವನು ನನ್ನ ಮುಖ ನೋಡುತ್ತಿರುವಾಗಲೇ ಕೆಳಗೆ ಸಲಿಕೆ ಬಂಡೆಗೆ ತಾಗಿದ ಸದ್ದಾಯಿತು. ಹನುಮಂತ ಕೂಗಲೂ ಇಲ್ಲ, ತಡವರಿಸಲೂ ಇಲ್ಲ. ದೀಪ ಆರಿದಂತೆ ಕುಸಿದುಬಿದ್ದ.

ಶರಣಪ್ಪ ಹಗ್ಗ ಬಿಟ್ಟು ಏಣಿಯ ಕಡೆ ಹಾರಿದ. ಇಂಥ ಗುಂಡಿಗಳಲ್ಲಿ ಒಬ್ಬನ ಹಿಂದೆ ಒಬ್ಬರು ಇಳಿದು ಒಟ್ಟಿಗೆ ಸಾಯುವುದು ಹೀಗೆಯೇ. ನಾನು ಅವನ ಅಂಗಿ ಹಿಡಿದೆ. ಕಿತ್ತುಕೊಂಡ. "ಬಿಡ್ರಿ, ನನ್ನ ಹೆಂಡ್ತಿ ತಮ್ಮ ಅಂವ," ಎಂದ. ಅವನು ಏಣಿಗೆ ಕಾಲಿಡುವಷ್ಟರಲ್ಲಿ ನೀಲವ್ವ ಎರಡೂ ಕೈಯಿಂದ ಅವನ ಸೊಂಟ ಹಿಡಿದು ನೆಲಕ್ಕೆ ಕೂತುಬಿಟ್ಟಳು.

"ಹಗ್ಗ ಹಿಡಿ," ಎಂದಳು. ಅಳುತ್ತಿರಲಿಲ್ಲ. "ನೀ ಇಳಿದ್ರ ಇಬ್ರನ್ನೂ ಎಳಿಯಾವ್ರ್ಯಾರು? ಹಗ್ಗ ಹಿಡಿ."

ಅವನು ಹಗ್ಗ ಹಿಡಿದ. ಉಳಿದವರೂ ಹಿಡಿದರು. ಪೈಗಳು ಆಫೀಸಿನ ಬ್ಯಾಗು ಎಸೆದು, ಇಸ್ತ್ರಿ ಮಾಡಿದ ಅಂಗಿಯಲ್ಲೇ ಬಂದು ಸಾಲಿನ ಕೊನೆಗೆ ನಿಂತು ಎಳೆದರು. ಸೂಪರ್‌ವೈಸರ್ ಕೂಡ ಕೈಹಾಕಿದ. ಬಂಡೆಗೆ ಬಡಿಯುತ್ತ, ಏಣಿಗೆ ಸಿಕ್ಕಿಕೊಳ್ಳುತ್ತ, ಹೂಳು ಮೆತ್ತಿದ ಮೈ ಮೇಲೆ ಬಂತು. ಹಣೆ ಒಡೆದು ರಕ್ತ ಬರುತ್ತಿತ್ತು. ಉಸಿರು ಇರಲಿಲ್ಲ.

ನಮ್ಮ ಸಂಸ್ಥೆಯಲ್ಲಿ ವರ್ಷಕ್ಕೊಮ್ಮೆ ಸುರಕ್ಷತೆಯ ತರಗತಿ ನಡೆಯುತ್ತಿತ್ತು. ಅಲ್ಲಿ ರಬ್ಬರಿನ ಗೊಂಬೆಯ ಬಾಯಿಗೆ ಗಾಳಿ ಊದುವಾಗ ನಾವೆಲ್ಲ ನಗುತ್ತಿದ್ದೆವು. ಅವನನ್ನು ಗುಂಡಿಯಿಂದ ದೂರ, ಗಾಳಿ ಬೀಸುವ ಕಡೆಗೆ ಎಳೆಸಿ, ಸೆರಗಿನಿಂದ ಬಾಯಿ ಒರೆಸಿ, ಕಲಿತದ್ದನ್ನು ಮಾಡಿದೆ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಒಮ್ಮೆ ಎದೆ ತಾನಾಗಿಯೇ ಏರಿತು. ಆಮೇಲೆ ಕೆಮ್ಮಿದ, ವಾಂತಿ ಮಾಡಿಕೊಂಡ. ನೀಲವ್ವ ಆಗ ಅತ್ತಳು.

ಆಂಬುಲೆನ್ಸಿಗೆ ಫೋನು ಮಾಡಿದ್ದರೂ ಅದು ಬರುವವರೆಗೆ ಕಾಯಲಿಲ್ಲ. ಗಲಾಟೆ ಕೇಳಿ ಆಚೆ ದಂಡೆಯಿಂದ ಸೇಠ್ ತನ್ನ ಟೆಂಪೋ ಕಳಿಸಿದ್ದ. ನೂಲಿನ ಗಂಟುಗಳ ಮೇಲೆ ಹನುಮಂತನನ್ನು ಮಲಗಿಸಿ ಆಸ್ಪತ್ರೆಗೆ ಒಯ್ದೆವು. ಯಾವ ಅನಿಲವೆಂದು ನಾನು ಹೇಳಿದ್ದರಿಂದ ಡಾಕ್ಟರಿಗೆ ಹುಡುಕಾಟ ತಪ್ಪಿತು. ಆಮ್ಲಜನಕ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಅವನು ಅಕ್ಕನ ಗುರುತು ಹಿಡಿದ.

ಮರುದಿನ ಜೋಶಿಯವರು ನನ್ನನ್ನು ಕರೆದರು. ಮುನಿಸಿಪಾಲಿಟಿಯ ಕೆಲಸದಲ್ಲಿ ನಮ್ಮ ಸಂಸ್ಥೆಯ ಹೆಂಗಸೊಬ್ಬರು ತಲೆಹಾಕಿದರೆಂದು ಕಂಟ್ರಾಕ್ಟರನ ಕಡೆಯಿಂದ ಆಡಳಿತ ವಿಭಾಗಕ್ಕೆ ದೂರು ಹೋಗಿತ್ತು. ಲಿಖಿತ ವಿವರಣೆ ಕೇಳಿದ್ದರು. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಜೋಶಿಯವರು ಅದನ್ನು ಎರಡು ಸಲ ಓದಿದರು. ಟೈಪಿಸ್ಟರನ್ನು ಕರೆದು, ಸಂಸ್ಥೆಯ ಲೆಟರ್‌ಹೆಡ್ಡಿನ ಮೇಲೆಯೇ ವಾರ್ಡ್ ಆಫೀಸಿಗೆ ಒಂದು ಕಾಗದ ಹೇಳಿ ಬರೆಸಿದರು. ಗುಂಡಿಗೆ ಗಾಳಿ ಊದದೆ, ಅನಿಲ ಪರೀಕ್ಷಿಸದೆ ಯಾರನ್ನೂ ಇಳಿಸಕೂಡದೆಂದೂ ಎರಡೂ ಕಡೆಯ ಹೊಲಸನ್ನು ಮೊದಲು ನಿಲ್ಲಿಸಬೇಕೆಂದೂ ಅದರಲ್ಲಿತ್ತು. ಕೆಳಗೆ ತಮ್ಮ ಸಹಿ ಹಾಕಿದರು. ದೂರಿನ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಸೊಸೈಟಿಯ ಪೈಪನ್ನು ಗಟಾರಕ್ಕೆ ಜೋಡಿಸಲು ಪೈಗಳು ಆ ಮಳೆಗಾಲವಿಡೀ ವಾರ್ಡ್ ಆಫೀಸಿಗೆ ಅಲೆದರು. ನಾನು ನೋಡಿದ ಹಾಗೆ ಅವರು ಅಷ್ಟು ಹಟದಿಂದ ಬೇರೆ ಯಾವ ಕೆಲಸವನ್ನೂ ಹಿಡಿದಿರಲಿಲ್ಲ. ಸೇಠ್ ತನ್ನ ನೀರನ್ನು ತೊಟ್ಟಿಯಲ್ಲಿ ಹಿಡಿದು ಶುದ್ಧ ಮಾಡಿ ಬಿಡುವ ಏರ್ಪಾಟು ಮಾಡಿದ, ಪೂರ್ತಿ ಮನಸ್ಸಿನಿಂದಲ್ಲ, ಆದರೂ ಮಾಡಿದ. ಹೂಳು ಮುಂದಿನ ಬೇಸಿಗೆಯಲ್ಲಿ, ಬ್ಲೋವರ್ ಇಟ್ಟು, ಬೇರೆ ಕ್ರಮದಲ್ಲಿ ತೆಗೆದರು.

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಒಂದು ಭಾನುವಾರ ಶರಣಪ್ಪ, ನೀಲವ್ವ, ಹನುಮಂತ ಮೂವರೂ ಸಯನ್‌ಗೆ ನಮ್ಮ ಮನೆಗೆ ಬಂದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಹನುಮಂತ ಸೊರಗಿದ್ದ. ಆಗಾಗ ತಲೆನೋವು ಬರುತ್ತದೆ, ಕೆಲವು ಸಲ ಮಾತು ನೆನಪಿಗೆ ಬರುವುದಿಲ್ಲ ಎಂದ. ಅವತ್ತು ಏಣಿ ಇಳಿದದ್ದು ಗೊತ್ತು, ಆಮೇಲಿನದು ಏನೂ ಗೊತ್ತಿಲ್ಲ. ಆ ಗಾಳಿ ತನಗೆ ಏನು ಮಾಡಿತು ಎಂದು ಕೇಳಿದ.

ನಾನು ಹೇಳಿದೆ. ನಾವು ಎಳೆದುಕೊಂಡ ಉಸಿರು ಕೊನೆಗೆ ಕೆಲಸಕ್ಕೆ ಬರುವುದು ಜೀವಕೋಶದೊಳಗಿನ ಒಂದು ಸೈಟೋಕ್ರೋಮಿನ ಬಳಿ. ಅದು ಕಬ್ಬಿಣ ಇಟ್ಟುಕೊಂಡ ಸಣ್ಣ ಬಾಗಿಲಿನ ಹಾಗೆ, ಎಲೆಕ್ಟ್ರಾನುಗಳು ಅಲ್ಲಿಂದಲೇ ಆಮ್ಲಜನಕಕ್ಕೆ ದಾಟಬೇಕು. ಆ ಅನಿಲ ಹೋಗಿ ಬಾಗಿಲಿಗೆ ಅಡ್ಡ ಕೂತಿತು. ಎದೆಯಲ್ಲಿ ಗಾಳಿ ಇದ್ದರೂ ಮೈಗೆ ಉಸಿರು ಸಿಗಲಿಲ್ಲ. ಬೇಗ ಮೇಲೆ ಎಳೆದದ್ದರಿಂದ ಅದು ಬಿಟ್ಟುಹೋಯಿತು. ಕೆಂಪು ಬ್ಯಾಕ್ಟೀರಿಯಾದಲ್ಲೂ ಇಂಥವೇ ಸೈಟೋಕ್ರೋಮುಗಳಿವೆ, ಆದರೆ ಅದು ಬದುಕುವ ರೀತಿ ಬೇರೆ, ಆ ಅನಿಲದಿಂದಲೇ ಅದಕ್ಕೆ ಎಲೆಕ್ಟ್ರಾನು ಸಿಗುತ್ತದೆ.

"ಅಂದ್ರ ನನ್ನ ಕೊಲ್ಲೂದನ್ನ ಅದು ತಿಂತಿತ್ತು," ಎಂದ ಹನುಮಂತ. "ಮತ್ತ ಅದನ್ನ್ಯಾಕ ಕೊಂದ್ರು?"

ಬಣ್ಣ ನೋಡಿ ಹೆದರಿದರು ಎಂದೆ. ಅವನು ತಲೆಯಾಡಿಸಿದ. ಸಿಟ್ಟೇನೂ ಕಾಣಲಿಲ್ಲ. ಅವನು ಮತ್ತೆ ಗಟಾರದ ಕೆಲಸಕ್ಕೆ ಇಳಿಯಲಿಲ್ಲ. ಶರಣಪ್ಪ ಅವನನ್ನು ಕಟ್ಟಡದ ಗಾರೆ ಕೆಲಸಕ್ಕೆ ಸೇರಿಸಿದ. ತೊಂಬತ್ತೊಂದರವರೆಗೆ ಅವರ ಸುದ್ದಿ ಬರುತ್ತಿತ್ತು, ಆಮೇಲೆ ಗ್ಯಾಂಗು ಪುಣೆ ಕಡೆ ಹೋಯಿತು.

ಎಲೆಕ್ಟ್ರಾನ್ ಸಾಗಣೆಯ ಬಗ್ಗೆ ನಾನು ಬರೆದ ಪ್ರಬಂಧಗಳು ವಿದೇಶದ ಪತ್ರಿಕೆಗಳಲ್ಲಿ ಬಂದಿವೆ. ಈ ಘಟನೆ ಅವುಗಳಲ್ಲಿ ಎಲ್ಲೂ ಇಲ್ಲ, ಇರುವ ಜಾಗವೂ ಅದಲ್ಲ. ಆದರೆ ವೃತ್ತಿ ನನಗೆ ಕಲಿಸಿದ್ದರಲ್ಲಿ ಮುಖ್ಯವಾದದ್ದು ಅಲ್ಲಿ ಸಿಕ್ಕಿತು. ಖದಾನಿಗೆ ಇಳಿಯುವವರು ನನ್ನ ಟಿಪ್ಪಣಿಯನ್ನು ಓದುವವರಲ್ಲ. ಓದಿದವರು ಇಳಿಯುವವರಲ್ಲ. ಅಲ್ಲಿಂದ ಮುಂದೆ ನಿವೃತ್ತಿಯವರೆಗೂ, ನೀರಿನ ಬಗ್ಗೆಯಾಗಲಿ ಗಾಳಿಯ ಬಗ್ಗೆಯಾಗಲಿ ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ, ಆ ಜಾಗಕ್ಕೆ ಮೊದಲು ಕಾಲಿಡುವವರು ಯಾರು ಎಂದು ವಿಚಾರಿಸುತ್ತಿದ್ದೆ. ಅವರನ್ನು ಹುಡುಕಿ, ಅವರ ಮಾತಿನಲ್ಲಿ ಹೇಳಿ ಬಂದ ಮೇಲೆಯೇ ಕಾಗದಕ್ಕೆ ಸಹಿ ಹಾಕುತ್ತಿದ್ದೆ.